ಸೋಲೋ ಜ್ಯೋತ್ಸ್ನಾ

ಆಂಡರ್ಸನ್‌ಪೇಟೆಯಲ್ಲಿ ರವಿಕೆ ಹೊಲಿಯುವ ಜ್ಯೋತ್ಸ್ನಾ, ನಮ್ಮ ಶನಿವಾರದ ಭಜನೆ ಬಿಟ್ಟು ಸ್ವಂತ ಹಾಡು ಕಟ್ಟತೊಡಗಿದ ದಿನದಿಂದ ತನ್ನನ್ನು ‘ಸೋಲೋ ಗಾಯಕಿ’ ಎಂದೇ ಕರೆದುಕೊಳ್ಳುತ್ತಾಳೆ. ಅಳತೆ ತೆಗೆಯುವಾಗ ಪಲ್ಲವಿ ಹೊಳೆದರೆ ಅಳತೆ ಪುಸ್ತಕದಲ್ಲೇ ಬರೆದುಬಿಡುತ್ತಾಳೆ. ಹಾಗೆ ‘ಹದಿನಾರು ಮೆಟ್ಟಿಲು ಹತ್ತಿ ಬಂದೆ’ ಎಂಬ ಸಾಲಿನ ಹದಿನಾರು ನನ್ನ ತೋಳಿನ ಅಳತೆಯಾಗಿ, ರವಿಕೆ ಮುಂಗೈವರೆಗೆ ಬಂತು. ರೆಕಾರ್ಡಿಂಗ್ ಎಂದರೆ ಬೀರುವಿನೊಳಗೆ ತಲೆಯಿಟ್ಟು, ಸೀರೆಗಳ ನಡುವೆ ಫೋನ್ ಹಿಡಿದು ಹಾಡಿ, ಊರವರ ಫೋನಿಗೆಲ್ಲ ಕಳಿಸುವುದು. ಜೊತೆಗಾರರು ಮಾತ್ರ ನಿಲ್ಲುವುದಿಲ್ಲ. ತಬಲಾ ಬಾರಿಸುತ್ತಿದ್ದ ಆಟೋ ಸುಧಾಕರ ಎರಡೇ ಹಾಡಿಗೆ ಕೈಮುಗಿದ. ಕಾರಣ, ಪ್ರತಿ ಸಾಲು ಹಾಡಿದ ಮೇಲೂ ಇವಳು ಆ ಸಾಲಿನಷ್ಟೇ ಹೊತ್ತು ಸುಮ್ಮನಾಗುತ್ತಾಳೆ. “ಏನಕ್ಕಾ, ಮರ್ತೋಯ್ತಾ? ಜನ ಫೋನ್ ಕೆಟ್ಟೋಯ್ತು ಅಂತ ಕುಟ್ತಾವ್ರೆ!” ಎಂದು ಕೀಬೋರ್ಡಿನ ನವನೀತ ಗೊಣಗಿದರೆ, “ಸುಮ್ಕಿರಪ್ಪಾ, ಅದು ಸ್ಟೈಲು” ಅನ್ನುತ್ತಾಳೆ. ಬಂಗಾರಪೇಟೆಯಲ್ಲಿ ಅವಳ ಮೊದಲ ಕಾರ್ಯಕ್ರಮದ ದಿನವಂತೂ, “ಇವತ್ತೂ ನಿಲ್ಸಿದ್ರೆ ನಾನು ಎದ್ದೋಗ್ತೀನಿ” ಎಂದು ಹೇಳಿಯೇ ಅವನು ಕೂತಿದ್ದ. ಅವಳು ಮೊದಲ ಸಾಲು ಹಾಡಿದಳು, ನಿಲ್ಲಿಸಿದಳು. ಸಭೆ ಕೆಮ್ಮಿತು. ನವನೀತ ಎದ್ದೇಬಿಟ್ಟ. ಆಗ, ನಮ್ಮ ಭಜನೆಯಲ್ಲಿ ಎಲ್ಲರಿಗಿಂತ ತಡವಾಗಿ ಮುಗಿಸುವ ಮುನಿಯಮ್ಮಜ್ಜಿ ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಭಜನೆಯ ಅಭ್ಯಾಸದಂತೆ, ಆ ಸಾಲನ್ನು ತಿರುಗಿ ಹಾಡಿದರು. ಕೇಳಲು ಹೋಗಿದ್ದ ಭಜನೆಯವರೆಲ್ಲ ದನಿ ಸೇರಿಸಿದೆವು. ನವನೀತ ಮೆಲ್ಲಗೆ ಮತ್ತೆ ಕೂತ. ನಾವೆಲ್ಲ ಮುಗಿಸಿದ ಮೇಲೂ ನಮ್ಮ ಸೋಲೋ ಗಾಯಕಿ, ಅಜ್ಜಿಯ ಕೊನೆಯ ಅಕ್ಷರ ಬರುವವರೆಗೆ ಕಾದು, ಆಮೇಲೆ ಎರಡನೇ ಸಾಲು ಎತ್ತಿಕೊಂಡಳು.