ಎಡದಿಂದ ಎರಡನೆಯ ಗುಂಡಿ

ಕೋ ಪಿ-ಶಿಯಾ ತೈವಾನಿನ ಪೂಲಿ ಪಟ್ಟಣದಲ್ಲಿ ಹತ್ತೊಂಬತ್ತು ವರ್ಷಗಳಿಂದ ಟ್ಯಾಕ್ಸಿ ಓಡಿಸುತ್ತಿದ್ದಳು, ಹತ್ತೊಂಬತ್ತು ವರ್ಷವೂ ಹೆದರಿಕೊಂಡೇ ಓಡಿಸಿದ್ದಳು. ಅವಳ ಗಂಡ ಮೊದಲು ಇದೇ ಕೆಲಸದಲ್ಲಿದ್ದವನು. ಒಂದು ಮಧ್ಯಾಹ್ನ ಬೆಟ್ಟದ ತಿರುವಿನಲ್ಲಿ ಕಾರಿನ ಸಮೇತ ಕೆಳಗುರುಳಿ ಹೇಗೋ ಬದುಕಿ ಬಂದ. ಆಮೇಲೆ ಯಾವ ಕಾರನ್ನೂ ಹತ್ತದೆ, ನೀರು ನಿಂತ ಗದ್ದೆಗಳಲ್ಲಿ ಕಳಲೆಯಂಥ ನೀರುಹುಲ್ಲಿನ ದಂಟು ಕೊಯ್ಯುವ ಕೂಲಿಗೆ ಹೋದ. ಸ್ಟಿಯರಿಂಗ್ ಹಿಡಿದವಳು ಪಿ-ಶಿಯಾ.

ಬಸ್ ನಿಲ್ದಾಣದೆದುರಿನ ಟ್ಯಾಕ್ಸಿ ಸಾಲಿನಲ್ಲಿ ಅವಳ ಭಯ ಎಲ್ಲರಿಗೂ ತಮಾಷೆಯ ವಸ್ತು. ಹಿಂದಿನ ಚಳಿಗಾಲದಲ್ಲಿ ಎರಡು ಸಲ, ಏನೋ ಸದ್ದು ಬರುತ್ತಿದೆಯೆಂದು ಚಕ್ರ ಬಿಚ್ಚಿಸಿದ್ದಳು. ಎರಡು ಸಲವೂ ಒಳಗೆ ಏನೂ ಇರಲಿಲ್ಲ. ಸಾಲಿನ ಹಿರಿಯ ಚಾಲಕ ಲಿಯಾವ್ ಅಡಿಕೆ ಜಗಿಯುತ್ತಾ ಒಂದು ವಾರ ಅದನ್ನೇ ಹೇಳಿ ನಗಿಸಿದ್ದ. ಮೂರನೆಯ ಸಲ ನಗೆಪಾಟಲಾಗಬಾರದೆಂದು ಅವಳು ಅಂದೇ ನಿರ್ಧರಿಸಿದ್ದಳು.

ಭಯಕ್ಕೆ ಅವಳು ಕಂಡುಕೊಂಡಿದ್ದ ಔಷಧ ಹಾಡು. ಹಳೆಯ ತೈವಾನೀ ಹಾಡುಗಳು ಕಾರು ತುಂಬಿಕೊಂಡರೆ ತಿರುವುಗಳು ಸ್ವಲ್ಪ ಅಗಲವಾದಂತೆ ಅನ್ನಿಸುತ್ತಿತ್ತು. ಅದಕ್ಕೇ ಹೆದ್ದಾರಿ ಪಕ್ಕದ ಸ್ಟೀರಿಯೋ ಅಂಗಡಿಯ ಅಕುನನಿಂದ ಒಳ್ಳೆಯದೊಂದು ಸೆಟ್ ಹಾಕಿಸಿಕೊಂಡಿದ್ದಳು. ಅದರ ಕೆಳಗೆ ಈಕ್ವಲೈಸರ್: ಮೇಲೆ ಕೆಳಗೆ ಜಾರುವ ಏಳು ಪುಟ್ಟ ಗುಂಡಿಗಳು, ಒಂದೊಂದರ ಕೆಳಗೂ ಒಂದು ಅಂಕಿ. ಗಾಳಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬ ಲೆಕ್ಕ ಅದು ಎಂದು ಅಕುನ್ ಬಿಡಿಸಿ ಹೇಳಿದ್ದ. ಎಡತುದಿಯ ಅರವತ್ತು ದೊಡ್ಡ ಡೋಲಿನದು. ಅದರ ಪಕ್ಕದ ನೂರೈವತ್ತರಲ್ಲಿ ಬೇಸ್ ಗಿಟಾರಿನ ದಪ್ಪ ದನಿ. ನಡುವಿನವು ಹಾಡುವವರ ಗಂಟಲಿಗೆ, ಬಲತುದಿಯದು ತಾಳದ ಕಿಣಿಕಿಣಿಗೆ. ಒಂದು ಕೇಳಿಸದಿದ್ದರೆ ಅದನ್ನು ಏರಿಸುವ ಬದಲು ಅದರ ಅಕ್ಕಪಕ್ಕದವನ್ನು ಇಳಿಸಿ ನೋಡಿ ಎಂದೂ ಹೇಳಿಕೊಟ್ಟಿದ್ದ. ಪಿ-ಶಿಯಾ ಒಳ್ಳೆಯ ವಿದ್ಯಾರ್ಥಿನಿ. ಪೇಟೆಯೊಳಗೆ ಯಾವ ಗುಂಡಿ ಎಲ್ಲಿರಬೇಕು, ಬೆಟ್ಟದ ದಾರಿಯಲ್ಲಿ ಎಲ್ಲಿರಬೇಕು ಎಂದು ಬರೆದು ಮುಂದಿನ ಗಾಜಿನ ಮೇಲಿನ ಬಿಸಿಲುತಡೆಗೆ ಅಂಟಿಸಿಕೊಂಡಿದ್ದಳು.

ಆ ವಸಂತದಲ್ಲಿ ಹಿಂದಿನ ಎರಡೂ ಟೈರು ಹೊಸದು ಹಾಕಿಸಿದಳು. ಅದಾಗಿ ವಾರ ಕಳೆಯುವುದರೊಳಗೆ ಕಾರಿನೊಳಗೊಂದು ಗುಂಯ್‌ಗುಡುವಿಕೆ ಶುರುವಾಯಿತು. ಹೊಸ ಟೈರು ಕೆಲವು ದಿನ ಹಾಗೇ ಕೂಗುತ್ತದೆ ಎಂದು ಹಾಕಿದವನು ಹೇಳಿದ್ದ. ಅದನ್ನೇ ನಂಬಿದಳು, ನಂಬುವುದು ಅವಳಿಗೆ ಬೇಕಾಗಿಯೂ ಇತ್ತು. ಸದ್ದು ಹಾಡಿನ ದಪ್ಪ ದನಿಯ ಜಾಗದಲ್ಲೇ ಬಂದು ಕೂತಿದ್ದರಿಂದ ನೂರೈವತ್ತರ ಗುಂಡಿಯನ್ನು ಎರಡು ಗೆರೆ ಮೇಲೇರಿಸಿದಳು. ಗುಂಯ್ ಮುಚ್ಚಿಹೋಯಿತು. ಹತ್ತು ದಿನದ ಮೇಲೆ ಮತ್ತೆ ಕೇಳಿಸಿತು, ಮತ್ತೆರಡು ಗೆರೆ ಏರಿಸಿದಳು. ತಿಂಗಳು ತುಂಬುವ ಹೊತ್ತಿಗೆ ಗುಂಡಿ ತುದಿ ಮುಟ್ಟಿತ್ತು, ಸ್ಪೀಕರು ಬಿರಿದ ತಮಟೆಯಂತೆ ಅದುರುತ್ತಿತ್ತು.

ಸ್ಪೀಕರು ಕೆಟ್ಟಿದೆಯೆಂದು ಅಕುನನ ಬಳಿಗೆ ಹೋದಳು. ಅವನು ಸ್ಪೀಕರನ್ನು ನೋಡಲೇ ಇಲ್ಲ, ಗುಂಡಿಗಳನ್ನು ನೋಡಿದ.

"ಅಕ್ಕ, ನೀವು ಹಾಡು ಕೇಳ್ತಿದೀರೋ, ಏನನ್ನಾದ್ರೂ ಮುಚ್ಚಿಡ್ತಿದೀರೋ?"

ಟೈರಿನ ಸದ್ದು ಎಂದಳು ಪಿ-ಶಿಯಾ.

"ಈ ಗುಂಡಿ ಹಾಡನ್ನ ಮಾತ್ರ ಹೆಚ್ಚುಕಮ್ಮಿ ಮಾಡುತ್ತೆ. ಗಾಡಿ ಸದ್ದು ಎಲ್ಲಿಗೂ ಹೋಗಿಲ್ಲ, ಅದರ ಮೇಲೆ ನೀವು ಇನ್ನೊಂದು ಸದ್ದು ಹೊದಿಸಿದೀರಿ ಅಷ್ಟೆ. ಎಲ್ಲಾನೂ ಸೊನ್ನೆಗಿಳಿಸಿ, ಸೆಟ್ ಆಫ್ ಮಾಡಿ, ಒಂದು ದಿನ ಓಡಿಸಿ ನೋಡಿ."

ಆಗಲಿ ಎಂದು ಬಂದವಳು ಹಾಗೆ ಮಾಡಲಿಲ್ಲ. ಹಾಡಿಲ್ಲದ ಕಾರಿನಲ್ಲಿ ಬೆಟ್ಟದ ತಿರುವುಗಳನ್ನು ಇಳಿಯುವುದನ್ನು ನೆನೆದವಳು ಅಂಗಡಿ ದಾಟುತ್ತಲೇ ಹಾಡು ಹಾಕಿದಳು.

ಮರುದಿನ ಮಂಗಳವಾರ. ಮಂಗಳವಾರ, ಗುರುವಾರ, ಶನಿವಾರ ಬೆಟ್ಟದ ಮೇಲಿನ ಚಹಾ ಹಳ್ಳಿಯಿಂದ ಯೆನ್ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆತರುವುದು ಅವಳ ಖಾಯಂ ಕೆಲಸ. ಅಜ್ಜಿಗೆ ಎಪ್ಪತ್ತೆಂಟು. ನಾಲ್ಕು ವರ್ಷದಿಂದ ಹಿಂದಿನ ಸೀಟಿನ ಬಲಬದಿಯಲ್ಲೇ ಕೂರುತ್ತಾಳೆ, ಪಿ-ಶಿಯಾಳ ಕಾರನ್ನು ಬಿಟ್ಟು ಬೇರೆಯದನ್ನು ಹತ್ತುವುದಿಲ್ಲ. ಅಂದು ಹತ್ತೂವರೆಗೆ ಹೊರಟರು. ಹನ್ನೆರಡಕ್ಕೆ ಆಸ್ಪತ್ರೆಯ ಯಂತ್ರ ಅವಳಿಗೆ ಸಿಗಬೇಕಿತ್ತು.

ಮೂರು ಕಿಲೋಮೀಟರ್ ಇಳಿದಿರಬಹುದು. ಅಜ್ಜಿ ಮುಂದಕ್ಕೆ ಬಾಗಿ, ತಲೆ ಸಿಡಿಯುತ್ತಿದೆ, ಆ ಹಾಡನ್ನೊಮ್ಮೆ ನಿಲ್ಲಿಸು ಎಂದಳು. ಪಿ-ಶಿಯಾ ನಿಲ್ಲಿಸಿದಳು.

ಗುಂಯ್ ನಿಲ್ಲಲಿಲ್ಲ. ಅವಳು ನೆನೆಸಿಕೊಂಡಿದ್ದ ಸದ್ದು ಇದಾಗಿರಲಿಲ್ಲ. ಹಿಂದಿನಿಂದ ಬರುತ್ತಿದ್ದ ಇದು ಎಷ್ಟೋ ದಪ್ಪ, ನಡುವೆ ಮರಳು ಅರೆದಂತೆ ಗರಗರ. ಟೈರಿನ ಸದ್ದು ತಿರುವಿಗೆ ತಕ್ಕಂತೆ ಬದಲಾಗುವುದಿಲ್ಲ, ಚಕ್ರದ ಬೇರಿಂಗು ಕೆಟ್ಟರೆ ಭಾರ ಬಿದ್ದಾಗ ಕೂಗುತ್ತದೆ ಎಂದು ಗಂಡ ಯಾವಾಗಲೋ ಹೇಳಿದ್ದ. ರಸ್ತೆ ಎಡಕ್ಕೆ ತಿರುಗಿತು, ಕಾರಿನ ಭಾರ ಬಲಕ್ಕೆ ವಾಲಿತು, ಗರಗರ ಜೋರಾಯಿತು. ರಸ್ತೆ ಬಲಕ್ಕೆ ತಿರುಗಿತು, ಸದ್ದು ಹೆಚ್ಚುಕಡಿಮೆ ಅಡಗಿತು. ಮತ್ತೆ ಎಡಕ್ಕೆ, ಮತ್ತೆ ಜೋರು. ನಾಲ್ಕು ತಿರುವು ಲೆಕ್ಕ ಹಾಕಿದಳು, ನಾಲ್ಕೂ ಒಂದೇ ಮಾತು ಹೇಳಿದವು. ಬಲಬದಿಯ ಹಿಂದಿನ ಚಕ್ರದ ಬೇರಿಂಗು. ಅಜ್ಜಿ ಕೂತಿದ್ದ ಸೀಟಿನ ನೇರ ಕೆಳಗೆ.

ಎಡಗಡೆ ಬಂಡೆಯ ಗೋಡೆ, ಬಲಗಡೆ ಮೊಣಕಾಲೆತ್ತರದ ತಡೆ, ಅದರಾಚೆ ಚಹಾ ಗಿಡಗಳ ತುದಿಗಳಷ್ಟೇ ಕಾಣುತ್ತಿದ್ದವು. ಚಕ್ರ ಕಳಚಿದರೆ ಕಾರು ಯಾವ ಕಡೆಗೆ ಎಳೆಯುತ್ತದೆ ಎಂದು ಯೋಚಿಸಬಾರದೆಂದುಕೊಂಡೇ ಯೋಚಿಸಿದಳು. ಸೈಕಲ್ಲಿನ ವೇಗಕ್ಕೆ ಇಳಿಸಿದಳು. ಹಿಂದೆ ಬಂದ ಲಾರಿ ಹಾರ್ನ್ ಹೊಡೆದು ದಾಟಿಹೋಯಿತು. ಪೂಲಿಗೆ ಇನ್ನೂ ಹದಿನೆಂಟು ಕಿಲೋಮೀಟರ್. ಹೀಗೇ ಮೆಲ್ಲಗೆ ಹೋಗಿಬಿಡಬಹುದೇನೋ ಎಂದು ಒಂದು ಕ್ಷಣ ಅನ್ನಿಸಿತು. ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಿಗೂ ತಡವಾಗುವುದಿಲ್ಲ. ಅಷ್ಟರಲ್ಲಿ ಅಂಗಾಲಿನ ಕೆಳಗೆ ಕಾರಿನ ತಳ ನಡುಗಿದ್ದು ತಿಳಿಯಿತು.

ಎಲೆಕೋಸು ಮಾರುವವಳ ಅಂಗಡಿಯ ಮುಂದಿನ ಜಾಗದಲ್ಲಿ ಕಾರು ನಿಲ್ಲಿಸಿದಳು. ಇಳಿದು ಚಕ್ರದ ನಡುಭಾಗದ ಹತ್ತಿರ ಕೈ ಒಯ್ದಳು. ಮುಟ್ಟುವ ಮೊದಲೇ ಬಿಸಿ ತಾಗಿತು, ಸುಟ್ಟ ಗ್ರೀಸಿನ ವಾಸನೆ ಬಂತು. ಎಡಬದಿಯ ಚಕ್ರದ ಹತ್ತಿರವೂ ಕೈ ಹಿಡಿದು ನೋಡಿದಳು. ಅದು ಬೆಚ್ಚಗಿತ್ತು, ಅಷ್ಟೇ.

ಟ್ಯಾಕ್ಸಿ ಸಾಲಿಗೆ ಫೋನ್ ಮಾಡಿದಾಗ ಎತ್ತಿಕೊಂಡವನು ಲಿಯಾವ್.

"ಏನಕ್ಕ, ಮತ್ತೆ ಚಕ್ರ ಹಾಡ್ತಿದೆಯಾ? ಹೆದರಿಕೆ ಆಯ್ತಾ?"

"ಹೂಂ, ಹೆದರಿಕೆ ಆಗಿದೆ," ಎಂದಳು ಪಿ-ಶಿಯಾ. "ಚಕ್ರ ಸುಡ್ತಿದೆ, ಎಲೆಕೋಸಿನ ಅಂಗಡಿ ಹತ್ರ ನಿಂತಿದೀನಿ. ಅಜ್ಜಿ ಜೊತೇಲಿದಾರೆ. ನೀನು ಈಗಲೇ ಹೊರಡು."

ಲಿಯಾವ್ ಅರ್ಧ ಗಂಟೆಯೊಳಗೆ ಬಂದ. ಬೇರೆ ಕಾರು ಬೇಡವೆಂದು ಹಟ ಹಿಡಿದ ಅಜ್ಜಿಯನ್ನು ಇಬ್ಬರೂ ಸೇರಿ ಒಪ್ಪಿಸಿ ಹತ್ತಿಸಬೇಕಾಯಿತು.

ಗಾಡಿ ಎಳೆಯುವ ಲಾರಿಯಲ್ಲಿ ಬಂದ ಮೆಕ್ಯಾನಿಕ್ ಜ್ಯಾಕ್ ಹಾಕಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಬೀಳುವ ಹಲ್ಲಿನಂತೆ ಅಲುಗಿತು. ಎಷ್ಟು ದೂರ ಹೋಗುತ್ತಿತ್ತು ಎಂದು ಪಿ-ಶಿಯಾ ಕೇಳಿದಳು. ಎರಡು ಕಿಲೋಮೀಟರೋ ಇನ್ನೂರೋ, ಹೇಳಲಾಗುವುದಿಲ್ಲ ಎಂದ ಅವನು. ಅವಳು ಎಲೆಕೋಸಿನ ಬುಟ್ಟಿಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ತಿಂಗಳಲ್ಲಿ ಹದಿಮೂರು ಸಲ ಅಜ್ಜಿಯನ್ನು ಇದೇ ಚಕ್ರದ ಮೇಲೆ ಇಳಿಸಿದ್ದಳು.

ಒಂದು ಗಂಟೆಯ ಹೊತ್ತಿಗೆ ಅಜ್ಜಿಯೇ ಫೋನ್ ಮಾಡಿದಳು. ಕಾಲು ಗಂಟೆ ತಡವಾಯಿತು, ನರ್ಸು ಬೈದಳು, ಈಗ ಸೂಜಿ ಚುಚ್ಚಿ ಮಲಗಿಸಿದ್ದಾರೆ ಎಂದಳು. ಆ ಲಿಯಾವ್ ಎಂಥ ಹುಚ್ಚನಂತೆ ಓಡಿಸುತ್ತಾನೆ ಎಂದೂ ದೂರಿದಳು. ಪಿ-ಶಿಯಾಗೆ ಇನ್ನು ಒಳಗಿಟ್ಟುಕೊಳ್ಳಲಾಗಲಿಲ್ಲ.

"ಅಜ್ಜಿ, ಆ ಸದ್ದು ನನಗೆ ಒಂದು ತಿಂಗಳಿಂದ ಕೇಳ್ತಿತ್ತು. ಹಾಡು ಜೋರು ಮಾಡಿ ಮುಚ್ಚಿದೆ."

"ನನಗೂ ಕೇಳ್ತಿತ್ತು ಕಣೇ," ಎಂದಳು ಅಜ್ಜಿ. "ನನ್ನ ಸೀಟಿನ ಕೆಳಗೇ ಅಲ್ವಾ. ನೀನು ಅಷ್ಟು ಹೆದರುಪುಕ್ಕಲಿ, ಏನಾದ್ರೂ ಕೆಟ್ಟಿದ್ರೆ ನೀನು ಓಡಿಸ್ತಾನೇ ಇರ್ಲಿಲ್ಲ ಅಂದ್ಕೊಂಡು ಸುಮ್ನಿದ್ದೆ."

ಗುರುವಾರ ಹತ್ತೂವರೆಗೇ ಬಾ ಎಂದು ಹೇಳಿ ಅಜ್ಜಿ ಫೋನ್ ಇಟ್ಟಳು. ಮೆಕ್ಯಾನಿಕ್ ಎರಡು ಸಲ ಕರೆದ ಮೇಲೆ ಎದ್ದ ಪಿ-ಶಿಯಾ ಲಾರಿ ಹತ್ತುವ ಬದಲು ನೇರ ಜ್ಯಾಕಿನ ಬಳಿಗೆ ಹೋದಳು. ಉಳಿದ ಮೂರು ಚಕ್ರಗಳನ್ನೂ ಒಂದೊಂದಾಗಿ ಎತ್ತಿ, ತನ್ನ ಕಣ್ಣೆದುರಿಗೇ ಅಲ್ಲಾಡಿಸಿ ತೋರಿಸಬೇಕೆಂದು ಹೇಳಿದಳು.