ಮೊದಲು ಬೇಯುವ ರೊಟ್ಟಿ

ತಾಝಾ ಊರಿನ ಹಳೇ ಪೇಟೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೀದಿಯವರೆಲ್ಲ ರೊಟ್ಟಿ ಬೇಯಿಸಿಕೊಳ್ಳುವ ಒಲೆಯ ಮುಂದೆ ಯಾಮ್ನಾ ಒದ್ದೆ ಬಟ್ಟೆ ಹಿಡಿದು ಬಗ್ಗಿದ್ದಾರೆ. ಒಲೆಯ ಬಾಯಿ ಒರೆಸಿ ಆಗಿದೆ, ಮತ್ತೆ ಒರೆಸುತ್ತಾರೆ. ಮೊಣಕೈವರೆಗೂ ತೊಳೆದುಕೊಂಡು, ಮುಚ್ಚಳವಿರುವ ತಟ್ಟೆಯೊಂದನ್ನು ಒಳಗೆ ತಳ್ಳುತ್ತಾರೆ. ಅದರಲ್ಲಿರುವುದು ಮೆಕ್ಕೆಜೋಳದ ಪುಟ್ಟ ರೊಟ್ಟಿ. ಅದು ಬೆಂದು ಹೊರಬರುವವರೆಗೆ, ಹೆಂಗಸರು ಹಲಗೆಯ ಮೇಲೆ ಹೊತ್ತು ತಂದ ಗೋಧಿ ಕಣಕವೆಲ್ಲ ಬಾಗಿಲಾಚೆಯೇ ಕಾಯಬೇಕು.

"ಗೊಣಗೋರು ಗೊಣಗ್ಲಿ. ಚಿಟಿಕೆ ಹಿಟ್ಟು ಹಾರಿ ಬಿದ್ರೂ ಆ ಮಗು ಹೊಟ್ಟೆ ಹಿಡ್ಕೊಂಡು ಒದ್ದಾಡುತ್ತೆ" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ.

ಆ ಮಗು ನಿಸ್ರಿನ್, ಎದುರುಮನೆಯ ಬತೂಲಳ ಮಗಳು. ವಯಸ್ಸು ಏಳು, ಮಾತು ನಾಲ್ಕೋ ಐದೋ. ನೋವಾದರೆ ಹೇಳಲು ಬಾರದು. ಕಚ್ಚುತ್ತಾಳೆ, ತರಗತಿಯಿಂದ ಓಡುತ್ತಾಳೆ. ಹಬ್ಬ ಕಳೆದು ಬಾಗಿಲು ತೆಗೆದ ದಿನ ನೋಡುತ್ತೇವೆ, ಆಗಲೂ ಹೀಗೇ ಆದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಶಾಲೆಯವರು ಹೇಳಿಬಿಟ್ಟಿದ್ದಾರೆ. ಹಬ್ಬ ನಾಳೆಯೇ.

ಗೋಧಿ ಅವಳ ಕರುಳಿಗೆ ಆಗಿಬರುವುದಿಲ್ಲ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿತ್ತು. ಬಣ್ಣದ ಮಿಠಾಯಿ, ಸಕ್ಕರೆ ಸುರಿದ ಚಹಾ ಕೂಡ ನಿಲ್ಲಿಸಿ ನೋಡೋಣ ಎಂದರು ಡಾಕ್ಟರಮ್ಮ. ಮಗು ಬೇರೆಯೇ ಆಗಿಬಿಡುತ್ತದೆ ಎಂಬ ಆಸೆಯನ್ನೇನೂ ಅವರು ಹುಟ್ಟಿಸಲಿಲ್ಲ. ಹೊಟ್ಟೆನೋವು ನಿಂತರೆ ಕೂತು ಕಲಿಯುವುದು ಸುಲಭವಾದೀತು, ಅಷ್ಟೇ. ಕೆಲವು ವಾರ ನಿಸ್ರಿನ್ ಶಾಲೆಯಲ್ಲಿ ಕೂತು ಗುಂಡಿ ಪೋಣಿಸಿದಳು. ಆಮೇಲೆ ಮತ್ತೆ ಅದೇ ಕೂಗಾಟ. ತಾಯಿಗೇ ಮಗುವಿಗೆ ಪಥ್ಯ ಮಾಡಿಸಲು ಬಾರದು ಎಂದು ಬೀದಿಯವರೆಲ್ಲ ಬತೂಲಳ ಮೇಲೆ ಹರಿಹಾಯ್ದರು.

ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಿದ್ದವರನ್ನು ಬರಿಗೈಲಿ ಕಳಿಸುವ ಜಾಯಮಾನ ನಮ್ಮ ಬೀದಿಯದಲ್ಲ. ಒಲೆಯ ಮುಂದೆ ಯಾರೇ ಹಾದರೂ ಒಂದು ತುಂಡು ಕೈಗೆ ಬರುತ್ತದೆ. ಪಾಪ, ಮಗು ಎಂದು ನಿಸ್ರಿನ್‌ಗೆ ಎರಡು. ಮನೆಯಲ್ಲಿ ಗೋಧಿ ಕೊಟ್ಟೇ ಇಲ್ಲವೆಂದು ಬತೂಲ್ ಅತ್ತಾಗ, ಹೊರಗೆ ಯಾರಾದರೂ ತಿನ್ನಿಸುತ್ತಾರೆಯೇ ಎಂದು ಡಾಕ್ಟರಮ್ಮ ಕೇಳಿದರು.

"ಒಂದು ತುತ್ತಿಂದ ಏನಾಗುತ್ತೆ ಅಂದ್ಕೊಂಡಿದ್ದೆ," ಯಾಮ್ನಾ ತಲೆ ಎತ್ತುವುದಿಲ್ಲ. "ಬೈಸ್ಕೊಂಡಿದ್ದು ಅವಳು, ತಿನ್ನಿಸಿದ್ದು ನಾನು."

ಗಂಡ ತೀರಿಕೊಂಡ ಮೇಲೆ ಒಲೆ ಹಿಡಿದವರು ಯಾಮ್ನಾ. ಹೆಂಗಸು ಒಲೆ ಕಾಯುವುದೇ ಎಂದು ಮೂಗು ಮುರಿದವರ ಮನೆಯ ಕಣಕವೂ ಈಗ ಇಲ್ಲಿಗೇ ಬರುತ್ತದೆ. ದಿನಕ್ಕೆ ಇನ್ನೂರು ರೊಟ್ಟಿಗೆ ಕಡಿಮೆಯಿಲ್ಲ. ಮೈಯೆಲ್ಲ ಸುಟ್ಟ ಕಲೆ. ಅದಕ್ಕೆ ಅಂಜದ ಹೆಂಗಸು ಇವತ್ತು ಅಂಜುತ್ತಿದ್ದಾರೆ. ಹಬ್ಬದ ಸಿಹಿ ಬಿಸ್ಕತ್ತಿನ ತಟ್ಟೆಗಳು ಸಾಲುಗಟ್ಟಿವೆ, ಬೀದಿಯ ತುಂಬ ಬೆಣ್ಣೆಯ ಘಮ.

ಬತೂಲ್ ಮಗಳ ಕೈಹಿಡಿದು ರೊಟ್ಟಿಗೆ ಬರುತ್ತಾಳೆ. ಅಷ್ಟರಲ್ಲಿ ಬೀದಿಗೆಲ್ಲ ಹಿರಿಯರಾದ ಲಲ್ಲಾ ತಹ್ರಾ ಒಂದು ಬಿಸ್ಕತ್ತನ್ನು ಹುಡುಗಿಯ ಅಂಗೈಗೆ ಇಟ್ಟೇಬಿಡುತ್ತಾರೆ.

"ಲಲ್ಲಾ, ಬೇಡ. ಅವಳಿಗಾಗಲ್ಲ," ಯಾಮ್ನಾ ಎದ್ದು ನಿಲ್ಲುತ್ತಾರೆ.

"ಹಬ್ಬಕ್ಕೂ ಮಗು ಬಾಯಿಗೆ ಬೀಗ ಹಾಕ್ತೀಯಾ? ಕಲ್ಲು ಕಣೇ ನಿನ್ನೆದೆ."

ಯಾಮ್ನಾ ಕೈ ಚಾಚಿ, ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕಿತ್ತುಕೊಂಡರೆ ಕೂಗಾಟ, ಬಿಟ್ಟರೆ ಹೊಟ್ಟೆನೋವು. ನಿಸ್ರಿನ್ ಬಿಸ್ಕತ್ತು ಮೂಸುತ್ತಾಳೆ. ಯಾಮ್ನಾರ ಮುಖ ನೋಡುತ್ತಾಳೆ, ಅವರು ಬೇಡವೆಂದು ಮೆಲ್ಲಗೆ ತಲೆಯಾಡಿಸುತ್ತಾರೆ. ರೊಟ್ಟಿ ನೆಲಕ್ಕೆ ಬಿದ್ದರೆ ನಾವೆಲ್ಲ ಮಾಡುವ ಹಾಗೆಯೇ, ಹುಡುಗಿ ಅದಕ್ಕೆ ಮುತ್ತಿಟ್ಟು, ಹಣೆಗೊತ್ತಿಕೊಂಡು, ಹಕ್ಕಿಗಳಿಗಾಗಿ ಗೋಡೆಯಲ್ಲಿ ಬಿಟ್ಟ ಗೂಡಿನಲ್ಲಿಡುತ್ತಾಳೆ. ಆಮೇಲೆ ತನ್ನ ತಟ್ಟೆಗೆ ಕೈಚಾಚುತ್ತಾಳೆ.

ಬತೂಲ್ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಯಾಮ್ನಾ ಮುಚ್ಚಳ ತೆಗೆದು ರೊಟ್ಟಿ ಕೊಡುತ್ತಾರೆ. ಶಾಲೆಯಲ್ಲೂ ಹೀಗೇ ಇರುತ್ತಾಳೋ ಇಲ್ಲವೋ, ಅಲ್ಲಿ ತಾನಿರುವುದಿಲ್ಲವಲ್ಲ ಎಂಬ ಚಿಂತೆ ಅವರಿಗೆ. ನಿಮಗೇನು ಆಸೆ ಎಂದು ಕೇಳುತ್ತೇನೆ.

"ಏನೂ ಕೊಡದೇನೂ ಮಗೂನ ಪ್ರೀತಿ ಮಾಡ್ಬೋದು, ಅದನ್ನ ಈ ಬೀದಿ ಕಲೀಲಿ," ಎನ್ನುತ್ತಾರೆ. "ನಾನು ಕಲ್ತೆ. ತುಂಬಾ ಕಷ್ಟ ಆಯ್ತು."