ಮೂಗಿಗೆ ಊದದ ಮೀಸುವ ಅಮ್ಮ

ಮೊಣಕಾಲಿನಿಂದ ಕೆಳಗೆ ಅವರ ಚರ್ಮಕ್ಕೆ ಬೇರೆಯದೇ ಬಣ್ಣವಿತ್ತು. ಮುಖ, ಕೈ, ಕುತ್ತಿಗೆಯೆಲ್ಲ ತೋಟದ ಕೂಲಿಯ ಬಿಸಿಲು ಕಂಡು ಕಪ್ಪಾಗಿದ್ದವು. ಸೀರೆ ಮೇಲೆತ್ತಿ ಕಾಲು ಚಾಚಿ ಕೂತಾಗ ಕಾಣುವ ಕಣಕಾಲುಗಳು ಮಾತ್ರ ಎಣ್ಣೆ ಕುಡಿದ ಮಣೆಯಂತೆ ನುಣ್ಣಗೆ ಹೊಳೆಯುತ್ತಿದ್ದವು. ಮೂವತ್ತು ವರ್ಷ ಊರೂರಿನ ಎಳೆಗೂಸುಗಳನ್ನು ಆ ಕಾಲುಗಳ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ನೀರು ಹಾಕಿದವರು ಅವರು. ಮಕ್ಕಳಿಗೆ ಹಚ್ಚಿದ ಎಣ್ಣೆಯಲ್ಲಿ ಅರ್ಧ ನನ್ನ ಕಾಲೇ ಕುಡಿದಿದೆ ಎಂದು ತಾವೇ ನಗುತ್ತಿದ್ದರು. ನಮ್ಮ ಅಡ್ಡಗದ್ದೆ ಕಡೆ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ‘ಮೀಸುವ ಅಮ್ಮ’.

ಬಸುರಿಗೆ ಏಳು ತುಂಬಿತೆಂದರೆ ಬಚ್ಚಲು ನೋಡಲು ಬರುವುದು ಅವರ ಪದ್ಧತಿ. ಹಂಡೆ ಎಷ್ಟು ದೊಡ್ಡದು, ಕಿಟಕಿಯಿಂದ ಗಾಳಿ ನೇರ ಬಡಿಯುತ್ತದೆಯೋ, ಕಾಲು ಚಾಚಲು ಜಾಗವಿದೆಯೋ, ಎಲ್ಲ ಪರೀಕ್ಷೆಯಾಗಬೇಕು. ಸರಿ ಕಾಣದಿದ್ದರೆ ಮುಲಾಜಿಲ್ಲದೆ ಹೇಳಿಬಿಡುವರು. ನಮ್ಮ ಮನೆಗೂ ಹಾಗೆಯೇ ಬಂದರು. ಬಚ್ಚಲು ಪಾಸಾಯಿತು. ಪಾಸಾಗದೆ ಹೋದದ್ದು ನಾವು.

ನಾನು ಮೆಣಸೆ ಶಾಲೆಯಲ್ಲಿ ಟೀಚರು. ಒಂದನೇ ತರಗತಿ ಎಂದರೆ ವರ್ಷವಿಡೀ ಸುರಿಯುವ ಮೂಗುಗಳ ನಡುವಿನ ಬದುಕು. ಕೊಪ್ಪದ ಡಾಕ್ಟರಮ್ಮ ಫ್ಲೂ ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು ತಲೆಯಾಡಿಸಿ, ಮುಂದಿನ ಸಲ ನೋಡೋಣ ಎಂದು ಮನೆಗೆ ಬಂದಿದ್ದೆ. ಬೇರೆಯವರ ಮಕ್ಕಳ ಲಸಿಕೆಯ ಕಾರ್ಡು ತಂದು ತೋರಿಸಿ ಎಂದು ತಾಯಂದಿರನ್ನು ಗದರುವವಳು ನಾನೇ. ನನ್ನ ಹೊಟ್ಟೆಯೊಳಗೆ ಒಂದು ಜೀವ ಒದೆಯತೊಡಗಿದ ಮೇಲೆ ಆ ಧೈರ್ಯವೆಲ್ಲ ಎಲ್ಲಿಗೆ ಹೋಯಿತೋ. ಫೋನಿನಲ್ಲಿ ಬಂದ ಒಂದೊಂದು ಸಂದೇಶವನ್ನೂ ಓದಿ ಹೆದರುತ್ತಿದ್ದೆ. ನನಗೇನಾದರೂ ಆದರೆ ಆಗಲಿ, ನಾನು ಚುಚ್ಚಿಸಿಕೊಂಡದ್ದರಿಂದ ಮಗುವಿಗೆ ಏನಾದರೂ ಆದರೆ?

ಮೀಸುವ ಅಮ್ಮ ಜಗುಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, “ಟೀಚರಮ್ಮ, ಜ್ವರದ ಇಂಜೆಕ್ಷನ್ ಆಯ್ತಾ?” ಎಂದರು.

ನನ್ನ ಬದಲು ಅತ್ತೆ ಉತ್ತರಿಸಿದರು. “ಬಸುರಿಗೆ ಎಂತಕ್ಕೆ ಮಾರಾಯ್ತಿ ಅದೆಲ್ಲ? ನಾವೆಂತ ಚುಚ್ಚಿಸ್ಕಂಡು ಹೆತ್ವಾ?”

“ಹೌದು ಅಮ್ಮ. ನೀವು ಹೆತ್ತಿದ್ದು ಐದು. ಉಳ್ದಿದ್ದು?”

ಉಳಿದದ್ದು ಮೂರು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನಾನು ನನ್ನ ಹೆದರಿಕೆಯನ್ನೆಲ್ಲ ಅವರ ಮುಂದೆ ಸುರಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಮಾಡಿದ್ದಕ್ಕೆ ಎಂತಾದ್ರೂ ಆದ್ರೆ ಅಂತ ಹೆದರ್ತೀರಲ್ಲ, ಮಾಡದೇ ಇದ್ದಿದ್ದಕ್ಕೂ ಸ್ವಲ್ಪ ಹೆದ್ರಿ ಟೀಚರಮ್ಮ. ಕೂಸಿಗೆ ಆರು ತಿಂಗಳಾಗೋ ತನಕ ಈ ಇಂಜೆಕ್ಷನ್ ಕೊಡೋ ಹಾಗಿಲ್ಲ. ನೀವು ಈಗ ತಗಂಡ್ರೆ ಒಳಗಿರೋದಕ್ಕೂ ಅದರ ಬಲ ಹೋಗ್ತದೆ ಅಂತ ಡಾಕ್ಟರಮ್ಮ ಹೇಳಿದಾರೆ. ಹುಟ್ಟಿದ ಮೇಲೆ ಎತ್ತಾಡೋರೆಲ್ಲ ಸೇರಿ ಅದಕ್ಕೆ ಬೇಲಿ ಆಗ್ಬೇಕು” ಎಂದರು. ಆಮೇಲೆ ಎದ್ದು ಸೀರೆ ಕೊಡವಿ, “ಈ ಮನೇಲಿ ಮೂರು ಜನಾನೂ ಚುಚ್ಚಿಸ್ಕಂಡ್ರೆ ನಾನು ನೀರು ಹಾಕಕ್ಕೆ ಬತ್ತೀನಿ. ಇಲ್ದಿದ್ರೆ ಬೇರೆಯೋರನ್ನ ನೋಡ್ಕಳಿ” ಎಂದುಬಿಟ್ಟರು.

ಬೇರೆಯವರು ಯಾರಿದ್ದಾರೆ? ಸುತ್ತ ಹತ್ತು ಮೈಲಿಗೆ ಎಳೆಗೂಸನ್ನು ಮೀಸಬಲ್ಲವರು ಅವರೊಬ್ಬರೇ. ಅದು ಅವರಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಡಾಕ್ಟರಮ್ಮನ ಓದು ಮಾಡಲಾಗದ ಕೆಲಸವನ್ನು ಬಚ್ಚಲಮನೆಯ ಅಧಿಕಾರ ಮಾಡಿತು. ಮುಂದಿನ ಸೋಮವಾರ ನಾವು ಕೊಪ್ಪಕ್ಕೆ ಹೊರಟೆವು, ಮೀಸುವ ಅಮ್ಮನೂ ಜೊತೆಗೆ ಬಂದರು. ಮೊದಲು ತೋಳು ಕೊಟ್ಟವರು ಅವರೇ. ಎರಡನೆಯವಳು ನಾನು. ಸ್ಪ್ರೇಯರ್ ರಿಪೇರಿ ಮಾಡುತ್ತ ಕಬ್ಬಿಣದ ಜೊತೆ ಗುದ್ದಾಡುವ ನನ್ನ ಗಂಡ ಸೂಜಿ ಕಂಡು ಬೆವೆತ. ಅತ್ತೆಗೆ ಒಂದು ದಿನ ತೋಳು ನೋಯಿತು. ಮೂರನೆಯ ದಿನದಿಂದ ಆ ತೋಳನ್ನೇ ಪದಕದಂತೆ ನೆರೆಮನೆಯವರಿಗೆಲ್ಲ ತೋರಿಸುತ್ತ, ನಿಮ್ಮ ಮನೆಯಲ್ಲಿ ಇನ್ನೂ ಆಗಿಲ್ವಾ ಎಂದು ಕೇಳತೊಡಗಿದರು.

ಮಗಳು ಹುಟ್ಟಿದಳು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬರುತ್ತಿದ್ದ ಮೀಸುವ ಅಮ್ಮ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳುವರು. ಆಮೇಲೆ ಕೂಸು ಅವರ ಕಾಲ ಮೇಲೆ. ಅಳುವ ಮಗುವಿನ ಜೊತೆ ಜಗಳವಾಡುತ್ತ, ‘ಎಂತ ಕೂಸೇ, ಸೂಜಿ ಕಂಡು ನಿನ್ನ ಅಪ್ಪನೂ ಹೀಗೇ ಬೊಬ್ಬೆ ಹೊಡೆದದ್ದು’ ಎಂದು ಚಾಡಿ ಹೇಳುತ್ತ ನೀರು ಹೊಯ್ಯುವರು. ನಮ್ಮ ಕಡೆ ಮೀಸಿದ ಮೇಲೆ ಮಗುವಿನ ಮೂಗಿಗೆ, ಕಿವಿಗೆ ಬಾಯಿಂದ ಊದುವುದು ವಾಡಿಕೆ. ನೀರು ನಿಲ್ಲಬಾರದು, ಮೂಗು ನೆಟ್ಟಗಾಗಬೇಕು. ಇವರು ಮಾತ್ರ ಊದುತ್ತಿರಲಿಲ್ಲ. ಮೆತ್ತನೆಯ ಬಟ್ಟೆಯಿಂದ ಹೊರಗಿನಿಂದಲೇ ಒರೆಸಿ ಮುಗಿಸುವರು.

“ಊದದಿದ್ರೆ ಮೂಗು ಚಪ್ಪಟೆ ಆಗ್ತದಲ್ಲೇ” ಎಂದು ಅತ್ತೆ ಗೊಣಗಿದರು.

“ನಿಮ್ಮ ಮಗನಿಗೆ ಊದಿದ್ರಲ್ಲ ಅಮ್ಮ, ಎಂತ ನೆಟ್ಟಗಾಗಿದೆ ನೋಡಿ!”

ನನ್ನ ಗಂಡ ಮೂಗು ಮುಟ್ಟಿಕೊಂಡ. ಅವತ್ತು ಹೆರಿಗೆಯ ಹೊಲಿಗೆ ನೋಯುವಷ್ಟು ನಕ್ಕಿದ್ದೆ.

ಮಗು ನೋಡಲು ಬರುವವರ ಮೇಲೂ ಅವರ ಕಾವಲಿತ್ತು. ಸೀನುತ್ತ ಬಂದ ನನ್ನ ಸ್ವಂತ ಚಿಕ್ಕಮ್ಮನನ್ನು ಜಗುಲಿಯಿಂದಲೇ ಕಾಫಿ ಕೊಡಿಸಿ ಕಳಿಸಿದರು. ಚಿಕ್ಕಮ್ಮ ಆರು ತಿಂಗಳು ಮಾತು ಬಿಟ್ಟಳು. ಬಿಡಲಿ. ಇಂಜೆಕ್ಷನ್ ಆದ ಮೇಲೂ ಇಷ್ಟು ಯಾಕೆ ಎಂದರೆ, “ಬೇಲಿ ಹಾಕಿದೆ ಅಂತ ದಣಪೆ ಬಾಗಿಲು ತೆಗೆದಿಟ್ಟು ಮಲಗ್ತಾರಾ?” ಎನ್ನುವರು.

ಮಗಳಿಗೆ ಇಪ್ಪತ್ತೆರಡು ದಿನವಾದಾಗ ಅವರು ಬಂದು ಅಂಗಳದಾಚೆಯೇ ನಿಂತರು. ಬಾಯಿಗೆ ಸೆರಗು. “ಗಂಟಲು ಕೆರೀತಿದೆ, ನಾನು ಒಳಗೆ ಬರಲ್ಲ. ಇವತ್ತು ನೀವೇ ಮೀಸಿ.” ನಾನು ಗಾಬರಿಯಾದೆ. ಅತ್ತೆಯ ಕೈ ಸಂಧಿವಾತದಿಂದ ಹಿಡಿದುಕೊಂಡಿತ್ತು. ಮೀಸುವ ಅಮ್ಮ ಹೊರಗಿನ ಕಟ್ಟೆಗೆ ಬಿಸಿನೀರು ತರಿಸಿದರು. ದೂರದಿಂದಲೇ ಕೂಗಿ ಕೂಗಿ ಹೇಳಿಕೊಟ್ಟರು. “ಕಾಲು ಜೋಡ್ಸಿ. ತಲೆ ಪಾದದ ಕಡೆ. ಮೊಣಕೈ ಅದ್ದಿ ನೋಡಿ ನೀರು ಹಾಕಿ. ಹೆದರಬೇಡಿ, ಅದು ನಿಮ್ಮ ಕೂಸು!” ಮಗಳು ಅತ್ತಳು, ನಾನೂ ಅತ್ತುಬಿಟ್ಟೆ, ಆದರೆ ಮೀಸಿ ಮುಗಿಸಿದೆ. ನಾನು ತಾಯಿಯಾದದ್ದು ಆ ಬೆಳಿಗ್ಗೆಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹತ್ತು ದಿನ ಬಿಟ್ಟು ವಾಸಿಯಾಗಿ ಬಂದಾಗ ನಾನು ಕೇಳಿದೆ. ಬರೀ ಗಂಟಲು ಕೆರೆತಕ್ಕೆ ಇಷ್ಟು ದಿನವೇ ಅಮ್ಮ?

ಅವರು ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಲೇ ಹೇಳಿದರು. ಮೊದಲು ಅವರಿದ್ದದ್ದು ನರಸಿಂಹರಾಜಪುರದ ಕಡೆ, ಸೀತೂರಿನಲ್ಲಿ. ಅಲ್ಲಿ ಒಂದು ಮನೆಯಲ್ಲಿ ಬಾಣಂತಿಗೂ ಕೂಸಿಗೂ ನೀರು ಹಾಕುತ್ತಿದ್ದಾಗ ಅವರಿಗೆ ನೆಗಡಿ, ಮೈ ಬಿಸಿ. ಕೆಲಸ ತಪ್ಪಿಸಬಾರದೆಂದು ಹೋಗಿ, ಎಂದಿನಂತೆ ಕೂಸಿನ ಮೂಗಿಗೆ ಊದಿದರು. ಎರಡು ದಿನಕ್ಕೆ ಇಪ್ಪತ್ತು ದಿನದ ಆ ಕೂಸಿಗೆ ಜ್ವರ, ಉಸಿರಾಟದ ಕಷ್ಟ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಫ್ಲೂ ಎಂದರು. ಕೂಸು ಬದುಕಿತು.

“ಬದುಕ್ತು ಟೀಚರಮ್ಮ. ಆದ್ರೆ ಅದರ ಎದೆ ಒಳಗೆ ಹೋಗಿ ಹೋಗಿ ಬರೋದನ್ನ ನಾನು ನೋಡಿದೀನಿ. ಆ ಮನೆಯೋರ ಕಾಲು ಹಿಡಿದು ತಪ್ಪಾಯ್ತು ಅಂದೆ. ಅವ್ರು ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಒಳ್ಳೇದಿತ್ತು.” ಆ ಮೇಲೆ ಸೀತೂರಿನಲ್ಲಿ ಇರಲಾಗದೆ ಮಗಳ ಮನೆಗೆ, ನಮ್ಮ ಕಡೆಗೆ ಬಂದುಬಿಟ್ಟರು. ಡಾಕ್ಟರಮ್ಮನ ಬಾಗಿಲಿಗೆ ತಾವಾಗಿ ಹೋಗಿ, ಇಂಥದು ತಡೆಯುವುದು ಹೇಗೆ ಎಂದು ಕೇಳಿ ಕಲಿತರು. ಪ್ರತಿ ವರ್ಷ ತಪ್ಪದೆ ಚುಚ್ಚಿಸಿಕೊಂಡರು. ಮತ್ತೆಂದೂ ಯಾವ ಕೂಸಿನ ಮೂಗಿಗೂ ಊದಲಿಲ್ಲ.

ಅವರು ಹೋಗಿ ಈಗ ಒಂದು ವರ್ಷ. ಹೃದಯ ನಿಂತದ್ದು, ನರಳಾಟವಿಲ್ಲದ ಸಾವು. ಅವತ್ತು ಅವರ ಮಗಳ ಮನೆಯ ಅಂಗಳದ ತುಂಬ ಅವರ ಕಾಲ ಮೇಲೆ ಮಿಂದ ಮಕ್ಕಳು, ಅವರ ತಾಯಂದಿರು. ಆರು ವರ್ಷದ ನನ್ನ ಮಗಳೂ ಇದ್ದಳು. ಮೂಲೆಯಲ್ಲಿ ನನಗೆ ಗುರುತಿಲ್ಲದ ಹೆಂಗಸೊಬ್ಬಳು ಎತ್ತರದ, ಗಟ್ಟಿಮುಟ್ಟಾದ ಹುಡುಗಿಯೊಬ್ಬಳ ಜೊತೆ ನಿಂತಿದ್ದಳು. ಮೆಣಸೆ ಶಾಲೆಯ ಟೀಚರು ನಾನು ಎಂದು ಮಾತಾಡಿಸಿದೆ. ಸೀತೂರಿನವರು ಎಂದಳು. ಹುಡುಗಿಯನ್ನು ನೋಡಿದ ಕೂಡಲೇ ನನಗೆ ತಿಳಿಯಿತು, ಆ ಕೂಸು ಇವಳೇ. ನಿಮ್ಮ ಮಗುವಿನ ವಿಷಯ ಅವರು ಕಡೆಯವರೆಗೂ ಮರೆತಿರಲಿಲ್ಲ ಎಂದೆ.

ಆಕೆ ಅಳತೊಡಗಿದಳು. “ನಂಗೆ ಅವರಿಗಿಂತ ಎರಡು ದಿನ ಮೊದ್ಲೇ ಜ್ವರ ಬಂದಿತ್ತು ಟೀಚರೇ. ನಾಮಕರಣಕ್ಕೆ ಜನ ಬರ್ತಾರೆ, ಯಾರಿಗೂ ಹೇಳ್ಬೇಡ ಅಂತ ನಮ್ಮತ್ತೆ ಅಂದ್ರು. ನಂಗೂ ನೀರು ಹಾಕಿದ್ರಲ್ಲ, ಅವರಿಗೆ ಬಂದಿದ್ದೂ ನನ್ನಿಂದಾನೇ ಇರ್ಬೇಕು. ಅವ್ರು ಬಂದು ಕಾಲು ಹಿಡಿದಾಗ ಬಾಯಿ ಬಿಡಕ್ಕೆ ಧೈರ್ಯ ಬರಲಿಲ್ಲ.”

ನನಗೆ ಮೈ ಉರಿದುಹೋಯಿತು. ಅವರದಲ್ಲದಿರಬಹುದಾದ ತಪ್ಪನ್ನು ಅವರು ಹದಿನೈದು ವರ್ಷ ಹೊತ್ತರು. ಆ ಹೊರೆ ಹೊತ್ತುಕೊಂಡೇ ನನ್ನ ಮಗಳನ್ನು ಕಾದರು, ಇಷ್ಟೊಂದು ಮಕ್ಕಳನ್ನು ಕಾದರು. ನನ್ನ ಮಗಳ ಮೊದಲ ಆರು ತಿಂಗಳು ಒಂದು ಕೆಮ್ಮೂ ಇಲ್ಲದೆ ಕಳೆದದ್ದಕ್ಕೆ ನಾನು ಋಣಿಯಾಗಿರುವುದು ಅವರಿಗೆ. ಬೈಯಲು ಬಾಯಿ ತೆರೆದವಳು, ಆಕೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ಕಂಡು ತಡೆದುಕೊಂಡೆ. ಇದನ್ನು ಅವರ ಮಗಳಿಗೆ ಹೇಳಿ, ಈಗಲೇ ಹೇಳಿ ಎಂದು ಕೈ ಹಿಡಿದು ಒಳಗೆ ಕರೆದೊಯ್ದೆ.

ಮೀಸುವ ಅಮ್ಮನ ಮಗಳು ಎಲ್ಲವನ್ನೂ ಕೇಳಿದಳು. ಕೂಗಾಡಲಿಲ್ಲ. ಆ ಹುಡುಗಿಯನ್ನು ಹತ್ತಿರ ಕರೆದು ತಲೆ ಸವರಿದಳು. ಆಮೇಲೆ ಅವಳ ತಾಯಿಯ ಕಡೆ ತಿರುಗಿ ಮೆಲ್ಲಗೆ ಅಂದಳು.

“ಒಂದು ಫೋನ್ ಮಾಡ್ಬಹುದಿತ್ತಲ್ಲ ಅಕ್ಕ.”